ಗಾಲಿಯಿಲ್ಲದ ಊರಿನ ಎಂಟು ಓಟಗಳು

ನಮ್ಮೂರಿನಲ್ಲಿ ಗಾಲಿ ಉರುಳುವುದಿಲ್ಲ. ಫ್ಯಾನು ತಿರುಗುತ್ತದೆ, ಬೀಸುಕಲ್ಲು ತಿರುಗುತ್ತದೆ, ಮದುವೆ ಮನೆಯಲ್ಲಿ ಬೀಗರ ತಲೆಯೂ ತಿರುಗುತ್ತದೆ. ಆದರೆ ನೆಲ ಮುಟ್ಟಿ ಮುಂದೆ ಹೋಗಬೇಕಾದ ಗಾಲಿ ಮಾತ್ರ ಗಡಿಗಲ್ಲಿನ ಈಚೆಗೆ ಒಂದು ಗೇಣೂ ಉರುಳುವುದಿಲ್ಲ. ಬಸ್ಸು ಕಲ್ಲಿನವರೆಗೆ ಬಂದು ಜನರನ್ನು ಇಳಿಸಿ ಬಂದ ದಾರಿಗೇ ತಿರುಗಿಕೊಳ್ಳುತ್ತದೆ. ಹೊಸ ಡ್ರೈವರ್ ಯಾರಾದರೂ ಬಂದರೆ ಇವರದೇನು ಮೂಢನಂಬಿಕೆ ಎಂದುಕೊಂಡು ಮುಂದಿನ ಗಾಲಿಗಳನ್ನು ಕಲ್ಲು ದಾಟಿಸಿ ನೋಡುತ್ತಾನೆ. ಎಂಜಿನ್ನು ಬಾಯಿ ಬಡಿದುಕೊಳ್ಳುತ್ತದೆ, ಗಾಲಿ ಕೆಸರಿನಲ್ಲಿ ಮಲಗಿದ ಎಮ್ಮೆಯಂತೆ ಅಲ್ಲಾಡುವುದಿಲ್ಲ. ಆಮೇಲೆ ನಾವೇ ಮೂವತ್ತು ಜನ ಸೇರಿ ಹಗ್ಗ ಕಟ್ಟಿ ಬಸ್ಸನ್ನು ಹಿಂದಕ್ಕೆಳೆಯಬೇಕು. ಎಳೆಯುವಾಗ ಡ್ರೈವರನ ಮುಖ ನೋಡುವುದೇ ನಮಗೆ ಕೂಲಿ.

ಯಾಕೆ ಹೀಗೆ ಎಂದು ಕೇಳಬೇಡಿ. ಒಮ್ಮೆ ಕೇಳುವುದಕ್ಕೆಂದೇ ಐದು ಜನ ವಿಜ್ಞಾನಿಗಳು ಪೆಟ್ಟಿಗೆ ಪೆಟ್ಟಿಗೆ ಸಾಮಾನು ತಂದು ಮೂರು ತಿಂಗಳು ಧರ್ಮಶಾಲೆಯಲ್ಲಿ ಉಳಿದಿದ್ದರು. ಬೆಟ್ಟ ಅಗೆದು ಇಲಿ ಹಿಡಿದಂತೆ ಅನ್ನುತ್ತಾರಲ್ಲ, ಇವರಿಗೆ ಇಲಿಯೂ ಸಿಗಲಿಲ್ಲ. ಹೋಗುವಾಗ ಅವರ ಪೆಟ್ಟಿಗೆಗಳನ್ನು ಕಲ್ಲಿನವರೆಗೆ ಹೊತ್ತವರಲ್ಲಿ ನಾನೂ ಒಬ್ಬ. ನಮಗೆ ಇದು ದೊಡ್ಡ ವಿಷಯವೇ ಅಲ್ಲ. ನನ್ನ ಜೊತೆಗಾರ ತಿರಕಪ್ಪನ ಹೆಂಡತಿಯ ಊರು ಗಾಲಿ ಉರುಳುವ ಊರು. ಮಾವ ಪ್ರೀತಿಯಿಂದ ಒಂದು ಸ್ಕೂಟರ್ ಕೊಟ್ಟ. ಆರು ಜನ ಅದನ್ನು ಹೊತ್ತು ತಂದು ಪಡಸಾಲೆಯಲ್ಲಿ ನಿಲ್ಲಿಸಿದೆವು. ಹದಿನೆಂಟು ವರ್ಷದಿಂದ ಅದರ ಸೀಟಿನ ಮೇಲೆ ಮೆಣಸಿನಕಾಯಿ ಒಣಗುತ್ತಿವೆ.

ಗಾಲಿ ಇಲ್ಲವೆಂದ ಮೇಲೆ ಹೊರಬೇಕು. ಅಕ್ಕಿ, ಸಿಮೆಂಟು, ಗ್ಯಾಸ್ ಸಿಲಿಂಡರ್, ಬೀರು, ಮದುಮಗಳು, ಎಲ್ಲವೂ ಮನುಷ್ಯರ ಹೆಗಲ ಮೇಲೇ ಊರೊಳಗೆ ಬರಬೇಕು. ನಮ್ಮನ್ನು ಹೊರೆಯಾಳುಗಳು ಎನ್ನುತ್ತಾರೆ. ನಮಗೆ ಇರುವುದು ಒಂದೇ ಕಟ್ಟಳೆ. ದಾರಿಯಲ್ಲಿ ಯಾರಾದರೂ ಬಿದ್ದರೆ ಕಂಡವನು 'ಇಳಸ್ರೋ!' ಎಂದು ಕೂಗಬೇಕು. ಕೂಗು ಕಿವಿಗೆ ಬಿದ್ದವರೆಲ್ಲ, ಮುಂದಿದ್ದವರು, ಹಿಂದಿದ್ದವರು, ಪಕ್ಕದ ಓಣಿಯವರು, ತಮ್ಮ ತಮ್ಮ ಹೊರೆಯನ್ನು ಇದ್ದಲ್ಲಿಯೇ ಇಳಿಸಬೇಕು. ಬಿದ್ದವನು ಎದ್ದು, ನೀರು ಕುಡಿದು, ತನ್ನ ಬಾಯಿಂದಲೇ 'ಎತ್ರಿ' ಅನ್ನುವತನಕ ಯಾರೂ ಎತ್ತುವಂತಿಲ್ಲ. ಒಮ್ಮೆ ಹೆಣವನ್ನೂ ಇಳಿಸಿದ್ದೇವೆ. ಸತ್ತವನು ಕೂಡ ಹೊರೆಯಾಳೇ ಆಗಿದ್ದ, ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ.

ನಾನು ಬಿದ್ದದ್ದು ಮೂರು ವರ್ಷದ ಹಿಂದೆ. ಮುಂದೆ ತಿರಕಪ್ಪ, ಹಿಂದೆ ನಾನು, ನಡುವೆ ಬೊಂಬಿಗೆ ಕಟ್ಟಿದ ಕಬ್ಬಿಣದ ಬೀರು. ಕಲ್ಲಿನ ಓಣಿಯ ಇಳಿಜಾರಿನಲ್ಲಿ ನನ್ನ ಕಾಲು ಜಾರಿತು, ಬೀರು ಸೊಂಟದ ಮೇಲೆ ಬಂತು. ತಿರಕಪ್ಪ ಕೂಗಿದ. ಓಣಿಗೆ ಓಣಿಯೇ ಹೊರೆ ಇಳಿಸಿತು. ನೀರು ಕೊಟ್ಟರು, ಗಾಳಿ ಹಾಕಿದರು. ನನಗೆ ಏಳಲು ಆಗಲಿಲ್ಲ. ಹಿಂದೆ ಒಂದು ಮದುವೆ ದಿಬ್ಬಣ ನಿಂತಿತ್ತು. ಮೇಣೆಯನ್ನು ನೆಲಕ್ಕಿಳಿಸಿದ್ದರು, ಅದರೊಳಗಿನ ಹುಡುಗಿ ಪರದೆ ಸರಿಸಿ ನನ್ನನ್ನೇ ನೋಡುತ್ತಿದ್ದಳು. ಮುಹೂರ್ತ ಮೀರುತ್ತಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಅದೇ ನನಗೆ ಹಿಂಸೆಯಾಯಿತು. ಮಲಗಿದಲ್ಲಿಂದಲೇ 'ಎತ್ರಿ' ಅಂದುಬಿಟ್ಟೆ. ಎತ್ತಿದರು. ನನ್ನನ್ನೂ ಎತ್ತಿ ಮನೆಗೆ ತಂದು ಹಾಕಿದರು. ನಂತರ ಅವರವರ ಹೊರೆ ಅವರವರಿಗೆ.

ಸೊಂಟ ಅರೆಬರೆ ಸರಿಹೋಯಿತು. ಕೋಲು ಹಿಡಿದು ನಡೆಯಬಲ್ಲೆ, ಹೊರಲಾರೆ. ಅಣ್ಣನ ಮನೆಯಿಂದ ಎರಡು ಹೊತ್ತು ಬುತ್ತಿ ಬರುತ್ತದೆ. ಅವನ ಸೊಸೆ ಅದನ್ನು ಹೊಸ್ತಿಲ ಮೇಲಿಟ್ಟು 'ಇಟ್ಟೀನ್ರೀ' ಎಂದು ಕೂಗಿ ಹೋಗುತ್ತಾಳೆ. ಮದುವೆಯಾಗಿದ್ದರೆ ಜಗಳಕ್ಕಾದರೂ ಒಂದು ಜನ ಇರುತ್ತಿತ್ತು. ಅದೂ ಇಲ್ಲ. ನನ್ನ ಮನೆ ಕಲ್ಲಿನ ಓಣಿಯಲ್ಲೇ ಇದೆ. ದಿನಕ್ಕೆ ಇನ್ನೂರು ಜನ ಕಿಟಕಿಯ ಮುಂದೆ ಹಾದುಹೋಗುತ್ತಾರೆ. ಆದರೆ ತಲೆಯ ಮೇಲೆ ಹೊರೆ ಇದ್ದವರು ಪಕ್ಕಕ್ಕೆ ತಿರುಗಿ ನೋಡುವುದಿಲ್ಲ, ಕುತ್ತಿಗೆ ಉಳುಕುತ್ತದೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಎಷ್ಟೋ ಕಿಟಕಿಗಳನ್ನು ನೋಡದೆ ದಾಟಿದ್ದೇನೆ ಎಂದು ಆಗ ಹೊಳೆಯಿತು.

ಕಂಪ್ಯೂಟರ್ ಬಂದದ್ದು ಸಂಗಮೇಶ ಮಾಸ್ತರರಿಂದ. ಅವರಿಗೆ ವರ್ಗವಾದಾಗ, 'ಗದಿಗೆಪ್ಪಾ, ಇದನ್ನ ಕಲ್ಲಿನಿಂದ ಹೊತ್ತು ತಂದಾವ ನೀನ. ಮತ್ತ ಹೊರಸೂದು ಬ್ಯಾಡ, ನೀನ ಇಟ್ಕೊ' ಎಂದು ಕೊಟ್ಟು ಹೋದರು. ತಂತಿ ಉರುಳುವುದಿಲ್ಲವಲ್ಲ, ಹಾಗಾಗಿ ಇಂಟರ್ನೆಟ್ಟು ನಮ್ಮೂರಿಗೆ ಸಲೀಸಾಗಿ ಬಂದಿದೆ. ಅದರಲ್ಲಿ ಮಾಸ್ತರರು ಒಂದು ಕಾರ್ ಓಡಿಸುವ ಆಟ ಹಾಕಿಟ್ಟಿದ್ದರು. ಬಾಣದ ಗುರುತಿನ ಕೀ ಒತ್ತಿದೆ. ಪರದೆಯ ಮೇಲಿನ ಕೆಂಪು ಕಾರಿನ ನಾಲ್ಕೂ ಗಾಲಿ ಉರುಳಿದವು, ನಮ್ಮೂರಿನೊಳಗೆ, ನನ್ನ ಮನೆಯಲ್ಲಿ!

ಸುದ್ದಿ ಹಬ್ಬಿತು. ಜನವೋ ಜನ. 'ಉರುಳಾಕತ್ತೈತಲ್ಲೋ!' ಎಂದು ತಿರಕಪ್ಪ ಬಾಯಿ ಬಿಟ್ಟುಕೊಂಡು ನಿಂತ. ಎದುರುಮನೆಯ ಕಲ್ಲವ್ವ, ಎಪ್ಪತ್ತು ದಾಟಿದರೂ ಕಟ್ಟಿಗೆಯ ಹೊರೆ ಬಿಡದ ನಮ್ಮ ಹಿರಿಯಾಳು, ಪರದೆಗೆ ಅರಿಸಿನ ಕುಂಕುಮ ಹಚ್ಚಿದಳು. ಕಾರು ಎಡಕ್ಕೆ ತಿರುಗುವಾಗಲೆಲ್ಲ ಆ ಕುಂಕುಮ ಅಡ್ಡ ಬರುತ್ತಿತ್ತು, ಆದರೂ ನಾನು ಒರೆಸಲಿಲ್ಲ. ಒಂದು ವಾರ ಮನೆ ಜಾತ್ರೆಯಂತಿತ್ತು. ಎಂಟನೆಯ ದಿನ ನಾಲ್ಕು ಜನ ಬಂದರು. ಒಂಬತ್ತನೆಯ ದಿನ ಯಾರೂ ಬರಲಿಲ್ಲ. ನಾನು ಐದು ಲೋಟ ಚಹಾ ಮಾಡಿಟ್ಟಿದ್ದೆ, ಐದನ್ನೂ ನಾನೇ ಕುಡಿದೆ.

ಭಾನುವಾರದ ಲೀಗು ಸಿಕ್ಕಿದ್ದು ಆಗಲೇ. ಬೇರೆ ಬೇರೆ ಊರಿನ ಹನ್ನೆರಡು ಜನ, ಆರು ಜೋಡಿ. ವಾರಕ್ಕೊಂದು ಓಟ, ಎಂಟು ವಾರದ ಸೀಸನ್. ಭಾನುವಾರ ನಾಲ್ಕು ಗಂಟೆಗೆ ಎಲ್ಲರೂ ಅವರವರ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ಪರದೆಯ ಮೇಲೆ ಒಂದೇ ದಾರಿಯಲ್ಲಿ ನಿಂತಿರುತ್ತೇವೆ. ಒಬ್ಬರ ಮಾತು ಎಲ್ಲರಿಗೂ ಕೇಳಿಸುತ್ತದೆ. ಲೀಗು ನಡೆಸುವವರು ಪ್ರಮೀಳಾ ಮೇಡಂ ಎಂದು ಒಬ್ಬರು. ಅವರ ಮುಖ ನಾನು ಕಂಡಿಲ್ಲ, ದನಿ ಕೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನನಗೆ ಜೋಡಿಯಾಗಿ ಸಿಕ್ಕವನು ಲಿಗೋರಿ. ಕಡಲ ಕಡೆಯವನು, ಶಾಲೆಯ ಮಕ್ಕಳ ವ್ಯಾನ್ ಓಡಿಸುವವನು.

ನಾನು ಗಾಲಿಯ ಮೇಲೆ ಒಮ್ಮೆಯೂ ಕೂತವನಲ್ಲ. ಕಲ್ಲಿನಾಚೆ ಹೋಗಬೇಕಾದ ಕೆಲಸ ಯಾವತ್ತೂ ಬಂದಿರಲಿಲ್ಲ. ಇದನ್ನು ಲಿಗೋರಿಗೆ ಮೊದಲ ದಿನವೇ ಹೇಳಿದೆ, ಅವನು ನಂಬಲಿಲ್ಲ.

'ಎಂಥ ಮಾರಾಯ್ರೆ, ಬಸ್ಸಲ್ಲಿಯೂ ಕೂತಿಲ್ವಾ?'

'ಇಲ್ಲ. ತಿರುವಿನ್ಯಾಗ ಹೆಂಗ ಅನಸ್ತೈತಿ, ಅದನ್ನ ಹೇಳು.'

ಅವನು ಸ್ವಲ್ಪ ಯೋಚಿಸಿದ. 'ನೀವು ಈಚೆ ತಿರುಗ್ತೀರಿ, ನಿಮ್ಮ ಹೊಟ್ಟೆ ಮಾತ್ರ ಆಚೆಯೇ ಹೋಗ್ತದೆ. ಮತ್ತೆ ನಿಧಾನಕ್ಕೆ ವಾಪಸ್ ಬರ್ತದೆ. ಅಷ್ಟೇ ಉಂಟು.'

ಅಂದಿನಿಂದ ಪ್ರತಿ ತಿರುವಿನಲ್ಲೂ ನಾನು ಕುರ್ಚಿಯಲ್ಲಿ ಕೂತೇ ಹೊಟ್ಟೆಯನ್ನು ಆಚೆ ಕಳಿಸಲು ನೋಡುತ್ತಿದ್ದೆ.

ಮೊದಲ ಓಟದಲ್ಲಿ ನಾಲ್ಕನೆಯವನಾಗಿದ್ದೆ. ಹೊರೆಯಾಳಿಗೆ ದಾರಿಯ ಅಂದಾಜು ರಕ್ತದಲ್ಲಿರುತ್ತದೆ, ಎಲ್ಲಿ ಹೆಜ್ಜೆ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಎಲ್ಲ ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ನನ್ನ ಮುಂದಿನ ನೀಲಿ ಕಾರು ಗೋಡೆಗೆ ಬಡಿದು ಮಗುಚಿತು. ನಾನು ಕಾರು ನಿಲ್ಲಿಸಿದೆ. ಯೋಚಿಸಿ ನಿಲ್ಲಿಸಿದ್ದಲ್ಲ. ಬಿದ್ದಾನೆ ಎಂದು ಕಣ್ಣಿಗೆ ಕಂಡಿತು, ಬೆರಳು ಕೀ ಬಿಟ್ಟಿತು. ನಟ್ಟನಡು ದಾರಿಯಲ್ಲಿ ನಿಂತ ನನ್ನ ಕಾರಿಗೆ ಹಿಂದಿನಿಂದ ಮೂರು ಕಾರು ಬಂದು ಬಡಿದವು. ಕಿವಿಯಲ್ಲಿ ಒಬ್ಬೊಬ್ಬರೂ ಒಂದೊಂದು ಸೀಮೆಯ ಬೈಗುಳ.

'ಗದಿಗೆಪ್ಪನವರೇ, ಕಾರು ಕೆಟ್ಟಿತಾ?' ಎಂದು ಪ್ರಮೀಳಾ ಮೇಡಂ ಕೇಳಿದರು.

'ಇಲ್ರೀ, ಅಂವ ಬಿದ್ದಿದ್ದ.'

ಎಲ್ಲರೂ ಒಟ್ಟಿಗೆ ನಕ್ಕರು. ಮೇಡಂ ನಗಲಿಲ್ಲ. 'ಟ್ರ್ಯಾಕ್ ಮೇಲೆ ನಿಲ್ಲಬಾರದು. ಮೊದಲನೇ ನಿಯಮವೇ ಅದು. ಪುಟ ತೆರೆದು ಓದಿಕೊಳ್ಳಿ' ಅಂದರು.

ಓದಿಕೊಂಡೆ. ಎರಡನೆಯ ಓಟದಲ್ಲಿ ಮತ್ತೆ ಅದೇ ಆಯಿತು. ಈ ಸಲ ಯಾರೂ ನಗಲಿಲ್ಲ. 'ಬೇರೆಯವರ ಆಟ ಹಾಳಾಗುತ್ತಿದೆ. ಮೂರನೇ ಸಲ ನಿಂತರೆ ನಿಮ್ಮನ್ನು ಲೀಗಿನಿಂದ ತೆಗೆಯಬೇಕಾಗುತ್ತದೆ. ಮತ್ತೆ ಸೇರಿಸಿಕೊಳ್ಳುವುದಿಲ್ಲ' ಅಂದರು ಮೇಡಂ. ಆ ರಾತ್ರಿ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ವಾರದಲ್ಲಿ ನನ್ನ ಹೆಸರು ಹಿಡಿದು ಯಾರಾದರೂ ಕರೆಯುವುದೆಂದರೆ ಅದು ಆ ಹೆಡ್‌ಫೋನಿನೊಳಗೆ ಮಾತ್ರ. ಬೈಯಲಿಕ್ಕಾದರೂ ಸರಿ, ಕರೆಯುತ್ತಿದ್ದರು. ಅದೂ ಹೋದರೆ ಮಿಕ್ಕುವುದು 'ಇಟ್ಟೀನ್ರೀ' ಒಂದೇ.

ಮರುದಿನ ಲಿಗೋರಿ ಕೇಳಿದ, 'ನಿಲ್ಲಿಸುದು ಯಾಕೆ ಗದಿಗೆಪ್ಪಣ್ಣ? ಸರಿ ಹೇಳಿ.'

ನಮ್ಮ ಕಟ್ಟಳೆಯನ್ನು ಹೇಳಿದೆ. ಮೇಣೆ ಇಳಿಸಿದ್ದು, ಹೆಣ ಇಳಿಸಿದ್ದು, ಎಲ್ಲವನ್ನೂ.

'ಹದಿನಾರು ವರ್ಷ ಆಯ್ತು ನಾನು ರೋಡಲ್ಲಿ' ಅಂದ ಅವನು. 'ಬಿದ್ದವರನ್ನು ಸುಮಾರು ನೋಡಿದ್ದೇನೆ. ವ್ಯಾನಲ್ಲಿ ಮಕ್ಕಳಿರ್ತಾರೆ, ಬೆಲ್ ಹೊಡೆಯುವ ಹೊತ್ತಾಗ್ತದೆ. ನಿಲ್ಲಿಸ್ಲಿಕ್ಕೆ ಆಗುದಿಲ್ಲ.' 'ಆದ್ರೆ ಇದು ಆಟ. ಇಲ್ಲಿ ಬಿದ್ದವನಿಗೆ ನೋವಾಗುದಿಲ್ಲ. ನಿಮಗೆ ಅಭ್ಯಾಸ ಮಾಡಿಸ್ಬೇಕು. ನಾನು ಬೀಳ್ತೇನೆ, ನೀವು ಹೋಗಿ' ಅಂದ.

ಹಾಗೆ ಶುರುವಾಯಿತು ನನ್ನ ಪಾಠ. ದಿನಾ ಮಧ್ಯಾಹ್ನ ಮಕ್ಕಳನ್ನು ಶಾಲೆಯಿಂದ ಕರೆತರುವ ಮೊದಲು ಅವನಿಗೆ ಒಂದು ತಾಸು ಬಿಡುವಿರುತ್ತಿತ್ತು. ಲೀಗಿನ ಖಾಲಿ ದಾರಿಯಲ್ಲಿ ಅವನು ಮುಂದೆ, ನಾನು ಹಿಂದೆ. ತಿರುವಿನಲ್ಲಿ ಅವನು ಬೇಕೆಂದೇ ಗೋಡೆಗೆ ಬಡಿದು ಮಗುಚುತ್ತಿದ್ದ. 'ನಾನು ಬಿದ್ದೆ, ಹೋಗಿ' ಎನ್ನುತ್ತಿದ್ದ. ನಾನು ನಿಂತುಬಿಡುತ್ತಿದ್ದೆ. 'ಹೋಗಿ ಮಾರಾಯ್ರೆ!' ಮತ್ತೆ ಮೊದಲಿನಿಂದ. ಒಂದು ದಿನಕ್ಕೆ ನಲವತ್ತು ಸಲ ಬಿದ್ದದ್ದೂ ಉಂಟು ಅವನು. ನನಗಾಗಿ ಅಷ್ಟು ಸಲ ಬಿದ್ದವರು ಇನ್ನೊಬ್ಬರಿಲ್ಲ. ಎರಡನೆಯ ವಾರ ನಿಲ್ಲುವ ಬದಲು ನಿಧಾನಿಸಿದೆ. ಮೂರನೆಯ ವಾರ ಪಕ್ಕಕ್ಕೆ ಹೊರಳಿಸಿ ದಾಟಿದೆ. ದಾಟಿದ ಮೇಲೆ ಕೀ ಬಿಟ್ಟು ಕೂತೆ. ಅವನು ಮಾತ್ರ ಅಲ್ಲಿ ಮಗುಚಿಕೊಂಡೇ, 'ಆಯ್ತು! ಈಗ ಆಯ್ತು ನೋಡಿ!' ಎಂದು ಮಗುವಿನಂತೆ ಕೂಗಿದ. ಅಷ್ಟು ದಿನ ಮಾತಾಡಿದರೂ ಅವನ ಫೋನ್ ನಂಬರನ್ನು ನಾನು ಕೇಳಿಕೊಳ್ಳಲಿಲ್ಲ. ದಿನಾ ಸಿಗುವವನ ನಂಬರು ಯಾತಕ್ಕೆ ಅನ್ನಿಸಿತ್ತು.

ಮೂರು, ನಾಲ್ಕನೆಯ ಓಟಗಳಲ್ಲಿ ನನ್ನ ಕಣ್ಣೆದುರು ಯಾರೂ ಬೀಳಲಿಲ್ಲ, ಬಚಾವಾದೆ. ಐದನೆಯ ಓಟದಲ್ಲಿ ನಾನು ಮೂರನೆಯವನು. ಆರರಲ್ಲಿ ಲಿಗೋರಿ ಮೊದಲು, ನಾನು ಎರಡನೆಯವನು. ಏಳರಲ್ಲಿ ಮುಂದೆ ಎರಡು ಕಾರು ಒಂದರ ಮೇಲೊಂದು ಬಿದ್ದವು, ನಾನು ಅವುಗಳ ನಡುವಿನ ಸಂದಿಯಲ್ಲಿ ನುಸುಳಿ ಗೆದ್ದೆ. ಬೆರಳು ಕೀ ಬಿಡಲೇ ಇಲ್ಲ. 'ಗದಿಗೆಪ್ಪನವರು ಪಳಗಿಬಿಟ್ಟರು' ಎಂದು ಪ್ರಮೀಳಾ ಮೇಡಂ ಎಲ್ಲರಿಗೂ ಕೇಳುವಂತೆ ಹೇಳಿದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಕೊನೆಯ ಓಟದಲ್ಲಿ ನಮ್ಮಿಬ್ಬರಲ್ಲಿ ಯಾರಾದರೊಬ್ಬರು ಮೊದಲು ಗುರಿ ಮುಟ್ಟಿದರೆ ಸೀಸನ್ ನಮ್ಮದು.

ಆ ಬುಧವಾರ ಸಂತೆಗೆ ಹೋಗಿದ್ದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಾಯಿಪಲ್ಯದ ಚೀಲ. ತಲೆಯ ತುಂಬ ಎಂಟನೆಯ ಓಟದ ತಿರುವುಗಳು. ಮುಂದೆ ತಿರಕಪ್ಪ ಸಿಲಿಂಡರ್ ಹೊತ್ತು ಹೋಗುತ್ತಿದ್ದ. ಅವನು ಎಡವಿದ, ಮೊಣಕಾಲೂರಿ ಬಿದ್ದ, ಸಿಲಿಂಡರ್ ಠಣ್ ಎಂದು ಕಲ್ಲಿಗೆ ಬಡಿಯಿತು. ನಾನು ಬಲಕ್ಕೆ ಸರಿದು, ಅವನನ್ನು ಬಳಸಿಕೊಂಡು, ಮುಂದೆ ಹೋದೆ. ಹನುಮಪ್ಪನ ಅಂಗಡಿಯ ಮೂಲೆಯವರೆಗೆ ಹೋದೆ. ಹಿಂದೆ ಯಾವ ಸದ್ದೂ ಇಲ್ಲ ಎಂಬುದು ಆಗ ಕಿವಿಗೆ ತಾಗಿತು. ತಿರುಗಿ ನೋಡಿದೆ. ಯಾರು ಕೂಗಿದ್ದರೋ, ನನಗೆ ಕೇಳಿಸಿರಲಿಲ್ಲ; ಓಣಿಯ ತುಂಬ ಹೊರೆಗಳು ನೆಲದ ಮೇಲಿದ್ದವು. ಅವುಗಳ ಪಕ್ಕ ಜನ ನಿಂತಿದ್ದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ನೆಲದ ಮೇಲೆ ಕೂತ ತಿರಕಪ್ಪನೂ ಕೂಡ.

ಕಲ್ಲವ್ವ ಕಟ್ಟಿಗೆಯ ಹೊರೆಯ ಪಕ್ಕದಿಂದ ಕೇಳಿದಳು, 'ಗದಿಗ್ಯಾ, ಕೈಯಾಗ ಏನೈತಿ?'

'ಕಾಯಿಪಲ್ಯ.'

'ಇಳಸಾಕ ಬರದಷ್ಟು ವಜ್ಜಿ ಇತ್ತೇನು?'

ಚೀಲವನ್ನು ಕೆಳಗಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ತಿರಕಪ್ಪ ಎದ್ದು, ನೀರು ಕುಡಿದು, ನನ್ನ ಕಡೆ ನೋಡದೆ 'ಎತ್ರಿ' ಅಂದ. ಮೊಣಕಾಲು ತರಚಿದ್ದು ಬಿಟ್ಟರೆ ಅವನಿಗೇನೂ ಆಗಿರಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಮರುದಿನ ತಿರಕಪ್ಪ ಎದುರಾದ. 'ಹೆಂಗೈತಿ ಮೊಣಕಾಲು?' ಅಂದೆ. 'ಆರಾಮ ಐತ್ರೀ' ಅಂದು ದಾರಿ ಬಿಟ್ಟು ನಿಂತ. ಇಪ್ಪತ್ತು ವರ್ಷ ಒಂದೇ ಬೊಂಬಿಗೆ ಹೆಗಲು ಕೊಟ್ಟವನು, ನನ್ನನ್ನು 'ಲೇ ಗದಿಗ್ಯಾ' ಅನ್ನದೆ ಉಗುಳು ನುಂಗದವನು, ನನಗೆ ರೀ ಹಚ್ಚಿದ. ಅಂಗಡಿಯ ಹನುಮಪ್ಪ 'ಬರ್ರಿ' ಅಂದ. ಪರವೂರಿನಿಂದ ಬಂದವರಿಗೆ ಕೊಡುವ ಮರ್ಯಾದೆಯನ್ನು ಊರೆಲ್ಲ ನನಗೆ ಕೊಡತೊಡಗಿತು. ಅಷ್ಟು ಮರ್ಯಾದೆಯ ನಡುವೆ ಬದುಕುವುದು ಬಹಳ ಕಷ್ಟ. ಲಿಗೋರಿಗೆ ಇದನ್ನು ಹೇಳಲಿಲ್ಲ. ನಲವತ್ತು ನಲವತ್ತು ಸಲ ಬಿದ್ದು ಕಲಿಸಿದವನಿಗೆ ಹೇಗೆ ಹೇಳುವುದು?

ಎಂಟನೆಯ ಭಾನುವಾರ ಬಂತು. ನಾಲ್ಕು ಗಂಟೆಗೆ ಕೂತೆ. ಸೆಕೆಯೆಂದು ಕಿಟಕಿ ತೆರೆದಿಟ್ಟಿದ್ದೆ. ಲಿಗೋರಿ ಮೊದಲ ಸುತ್ತಿನಿಂದಲೇ ಮುಂದೆ, ಅವನ ಬೆನ್ನಿಗೆ ನಾನು, ನನ್ನ ಬೆನ್ನಿಗೆ ಅದೇ ನೀಲಿ ಕಾರು. ಇಪ್ಪತ್ತು ಸುತ್ತಿನ ಓಟ. ನಾಲ್ಕೂವರೆಯ ಬಸ್ಸು ಕಲ್ಲಿಗೆ ಬಂದು ನಿಂತ ಸದ್ದು ಹೆಡ್‌ಫೋನಿನ ಆಚೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೊರೆಯಾಳುಗಳ ಹೆಜ್ಜೆ, ಉಸಿರು, ಕಿಟಕಿಯ ಕೆಳಗೆ. ಕೊನೆಯ ಸುತ್ತು.

'ಇನ್ನು ಮೂರೇ ತಿರುವು ಗದಿಗೆಪ್ಪಣ್ಣ' ಅಂದ ಲಿಗೋರಿ. 'ನೀವು ಹಿಂದೆಯೇ ಬನ್ನಿ. ಇಬ್ರೂ ಒಟ್ಟಿಗೆ...'

ಅವನ ಕಾರು ತಿರುಗಲಿಲ್ಲ. ನೆಟ್ಟಗೆ ಹೋಗಿ ಗೋಡೆಗೆ ಬಡಿಯಿತು, ಎರಡು ಪಲ್ಟಿ ಹೊಡೆದು ದಾರಿಯ ಅಂಚಿನಲ್ಲಿ ಮಗುಚಿತು. 'ಲಿಗೋರಿ' ಅಂದೆ. ಉತ್ತರವಿಲ್ಲ. ಅಷ್ಟು ಸಲ ಬಿದ್ದಾಗಲೂ ಒಂದು ಸಲವೂ ಅವನು 'ನಾನು ಬಿದ್ದೆ, ಹೋಗಿ' ಅನ್ನದೆ ಇದ್ದವನಲ್ಲ. ಈಗ ಅನ್ನಲಿಲ್ಲ. ಕಿವಿಯಲ್ಲಿ ಬರೀ ಗಾಳಿ.

ಮುಂದೆ ದಾರಿ ಖಾಲಿ. ಎರಡು ತಿರುವು ದಾಟಿದರೆ ಗುರಿ, ಗೆದ್ದರೆ ಮುಂದಿನ ಸೀಸನ್ನಿಗೂ ಜಾಗ, ಇನ್ನೂ ಅದೆಷ್ಟೋ ಭಾನುವಾರಗಳು. ನಿಂತರೆ ಇದೇ ಕೊನೆ. ಇದೆಲ್ಲ ನನಗೆ ಗೊತ್ತಿತ್ತು, ಈ ಸಲ ಬೆರಳು ತಾನಾಗಿ ಮಾಡಿತು ಎಂದು ತಪ್ಪಿಸಿಕೊಳ್ಳುವಂತಿಲ್ಲ. ಕೈಯಲ್ಲಿದ್ದದ್ದು ಕಾಯಿಪಲ್ಯದ ಚೀಲಕ್ಕಿಂತ ಭಾರವಾದದ್ದೇನೂ ಅಲ್ಲ ಅನ್ನಿಸಿತು. ಕೀ ಬಿಟ್ಟೆ. ಕುರ್ಚಿಯಿಂದ ಎದ್ದು ನಿಂತು, ಮೂರು ವರ್ಷದಿಂದ ಕೂಗದ ಗಂಟಲಿನಿಂದ ಕೂಗಿದೆ:

'ಇಳಸ್ರೋ!'

ನೀಲಿ ಕಾರು ನನಗೆ ಬಡಿದು, ಸಾವರಿಸಿಕೊಂಡು, ದಾಟಿ ಹೋಯಿತು. ಅದರ ಹಿಂದೆ ಮತ್ತೊಂದು, ಮಗದೊಂದು. 'ಯಾರು ಕಿರುಚಿದ್ದು? ಗದಿಗೆಪ್ಪನವರೇ, ಮತ್ತೆ ನಿಂತಿರಾ?' ಎಂದು ಮೇಡಂ ಕೇಳುತ್ತಿದ್ದರು. ಆಮೇಲೆ ಬೇಸರದ ದನಿಯಲ್ಲಿ, 'ಸರಿ. ನಾನು ಹೇಳಿದ್ದೆ' ಅಂದರು. ಅಷ್ಟರಲ್ಲಿ ಕರಕರ ಸದ್ದಾಗಿ ಲಿಗೋರಿಯ ದನಿ ಬಂತು.

'ಎಂಥ ಇಲ್ಲ ಗದಿಗೆಪ್ಪಣ್ಣ, ಇಂಟರ್ನೆಟ್ ಹೋಗಿ ಬಂದದ್ದು. ನೀವು ಗೆದ್ರಲ್ಲ? ಅಯ್ಯೋ, ನೀವು ಯಾಕೆ ನಿಂತದ್ದು?' 'ನೀ ಬಿದ್ದಿದ್ದಿ' ಅಂದೆ. ಅವನಿಗೆ ತಿಳಿಯಿತು. ನಮ್ಮೂರಿನ ಮಾತನ್ನು ತನ್ನ ಕಡಲ ಕಡೆಯ ನಾಲಿಗೆಯಲ್ಲಿ, ಮೆತ್ತಗೆ ಹೇಳಿದ: 'ಎತ್ರಿ.'

ನಾನು ಏನೋ ಹೇಳಲು ಬಾಯಿ ತೆರೆದೆ. ಪರದೆ ಕಪ್ಪಾಯಿತು. 'ನಿಮ್ಮನ್ನು ಈ ಲೀಗಿನಿಂದ ತೆಗೆಯಲಾಗಿದೆ' ಎಂಬ ಒಂದು ಸಾಲು, ಅದರ ಪಕ್ಕದಲ್ಲಿ ಕಲ್ಲವ್ವನ ಒಣಗಿದ ಕುಂಕುಮ.

ಹೆಡ್‌ಫೋನ್ ತೆಗೆದೆ. ಹೊರಗೆ ಹೆಜ್ಜೆಯ ಸದ್ದಿರಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಓಣಿಯ ಉದ್ದಕ್ಕೂ, ಕಲ್ಲಿನಿಂದ ಹನುಮಪ್ಪನ ಅಂಗಡಿಯವರೆಗೂ, ಮೂಟೆಗಳು, ಟ್ರಂಕುಗಳು, ಸಿಲಿಂಡರುಗಳು, ಒಂದು ಮಂಚ, ಎಲ್ಲವೂ ನೆಲದ ಮೇಲೆ. ನನ್ನ ಕೂಗಿಗೆ ಇಳಿದವು. ಕೋಲು ಹಿಡಿದು ಬಾಗಿಲಿಗೆ ಬಂದೆ. ತಿರಕಪ್ಪ ಓಡಿಬಂದ.

'ಯಾರು ಬಿದ್ರೋ?'

'ಲಿಗೋರಿ. ಹೊರಗಿನಾವ, ಕಾರ್ ಆಟದಾಗ. ನನ್ನ ಜೋಡಿ.'

ಅದೆಂಥ ಬೀಳುವುದು ಎಂದು ಯಾರಾದರೂ ನಗುತ್ತಾರೆಂದು ಕಾದೆ. ತಿರಕಪ್ಪ ಹಿಂದಕ್ಕೆ ತಿರುಗಿ, 'ಲಿಗೋರಿ ಅಂತ ಯಾರೋ, ಪರವೂರಾವ. ಇವನ ಜೋಡಿಯಂತ' ಎಂದು ಕೂಗಿ ಹೇಳಿದ. ಮಾತು ಬಾಯಿಂದ ಬಾಯಿಗೆ ಕಲ್ಲಿನವರೆಗೆ ಹೋಯಿತು. ಮತ್ತೆ ನನ್ನ ಕಡೆ ತಿರುಗಿ, 'ಎದ್ದಾನೇನು?' ಅಂದ.

ಲಿಗೋರಿ ಎದ್ದಿದ್ದ. 'ಎತ್ರಿ' ಎಂದೂ ಹೇಳಿದ್ದ. ಅದು ನನ್ನ ಕಿವಿಗೆ ಮಾತ್ರ ಬಿದ್ದಿತ್ತು. ನಾನು ಆ ಮಾತನ್ನು ದಾಟಿಸಿದರೆ ಒಂದು ಗಳಿಗೆಯಲ್ಲಿ ಓಣಿ ಖಾಲಿಯಾಗುತ್ತದೆ. ಒಳಗೆ ಹೋದರೆ ಕಪ್ಪು ಪರದೆ, ಎಂಟು ಗಂಟೆಗೆ ಬುತ್ತಿ.

'ಇನ್ನೂ ಇಲ್ಲ' ಅಂದೆ.

ಕಟ್ಟಳೆಯನ್ನು ಮುರಿದವನು ಎಂದು ಬುಧವಾರ ನನ್ನನ್ನು ನೋಡಿದರಲ್ಲ, ಅದಕ್ಕಿಂತ ದೊಡ್ಡ ಮುರಿತ ಇದು. ಗೊತ್ತಿದ್ದೂ ಮಾಡಿದೆ. ಯಾರೂ ಅನುಮಾನಿಸಲಿಲ್ಲ. 'ಹೊರಗಿನಾವ, ಅಭ್ಯಾಸ ಇರಂಗಿಲ್ಲ, ಹೊತ್ತು ಹಿಡೀತೈತಿ' ಎಂದು ಯಾರೋ ಸಮಾಧಾನ ಹೇಳಿದರು. ಜನ ತಮ್ಮ ತಮ್ಮ ಮೂಟೆಗಳ ಮೇಲೆ ಕೂತರು. ತಿರಕಪ್ಪ ನನ್ನ ಪಕ್ಕ ಕಟ್ಟೆಯ ಮೇಲೆ ಕೂತ. ಎದುರುಮನೆಯಿಂದ ಚೊಂಬಿನಲ್ಲಿ ನೀರು ಬಂತು, ಬಿದ್ದವನು ಇಲ್ಲಿಲ್ಲವಾದ್ದರಿಂದ ನನಗೇ ಕುಡಿಸಿದರು. ಯಾರೋ ಮಂಚದ ಮಾಲೀಕನನ್ನು ತಮಾಷೆ ಮಾಡಿದರು. 'ಲೇ ಗದಿಗ್ಯಾ, ಅಂವಾ ಏನ್ ಕೆಲಸ ಮಾಡ್ತಾನ?' ಎಂದು ತಿರಕಪ್ಪ ಕೇಳಿದ. 'ಸಾಲಿ ಹುಡುಗರ ವ್ಯಾನ್ ಹೊಡೀತಾನ' ಅಂದೆ. ಹೇಳುತ್ತ ಹೇಳುತ್ತ, ತಿರುವಿನಲ್ಲಿ ಹೊಟ್ಟೆ ಆಚೆ ಹೋಗುವುದನ್ನೂ, ಅವನು ನನಗಾಗಿ ನಲವತ್ತು ಸಲ ಬಿದ್ದದ್ದನ್ನೂ ಹೇಳಿದೆ. ಬುಧವಾರದ ನನ್ನ ಹೆಜ್ಜೆ ಎಲ್ಲಿಂದ ಬಂತೆಂದು ಅವನಿಗೆ ಆಗ ತಿಳಿದಿರಬೇಕು. ಮೊಣಕಾಲು ಸವರಿಕೊಂಡು, 'ಅದಕ್ಕೇನ್ ಬಿಡೋ' ಅಂದ.

ಬಿಸಿಲು ಗೋಡೆ ಹತ್ತಿತು. ಮಂಚದ ಮೇಲೆ ಒಂದು ಮಗು ನಿದ್ದೆ ಹೋಯಿತು. ಇನ್ನು ತಡೆದರೆ ಪಾಪ ಅನ್ನಿಸಿತು. 'ಎದ್ದ' ಅಂದೆ. 'ಎತ್ರಿ ಅಂದಾನ.'

ಎತ್ತಿದರು. ಹತ್ತು ನಿಮಿಷದಲ್ಲಿ ಓಣಿ ಬರಿದಾಯಿತು. ಕಲ್ಲವ್ವ ಒಬ್ಬಳು ಮಾತ್ರ ಕಟ್ಟಿಗೆಯ ಹೊರೆಯನ್ನು ನನ್ನ ಮೆಟ್ಟಿಲ ಪಕ್ಕ ಬಿಟ್ಟು ಕೂತೇ ಇದ್ದಳು.

'ಅಂವಾ ಆವಾಗ್ಲೇ ಎದ್ದಿದ್ದ, ಹೌದಿಲ್ಲೋ?' ಅಂದಳು.

ನಾನು ನೆಲ ನೋಡಿದೆ.

'ಇರ್ಲಿ. ನಮ್ಮ ಕಡಿಂದೂ ಒಂದು ತಪ್ಪಾಗೈತಿ. ಅವತ್ತ ನೀ ಮಲಗಿದಲ್ಲಿಂದ ಎತ್ರಿ ಅಂದಿ. ದನಿ ಕೇಳಿ ಎತ್ತಿಬಿಟ್ವಿ. ಎದ್ದಾನೋ ಇಲ್ಲೋ ಅಂತ ಯಾರೂ ತಿರುಗಿ ನೋಡ್ಲಿಲ್ಲ.' ಮೊಣಕಾಲಿಗೆ ಕೈಯೂರಿ ಎದ್ದಳು. ಹೊರೆಗೆ ಕೈ ಹಾಕಲಿಲ್ಲ. 'ನೀ ಏಳೂತನಕ ಇದು ಇಲ್ಲೇ ಇರ್ಲಿ' ಎಂದು ಬರಿಗೈಯಲ್ಲಿ ಓಣಿ ದಾಟಿ ತನ್ನ ಮನೆಗೆ ಹೋದಳು.

ಇದಾಗಿ ಹತ್ತು ದಿನ. ಲಿಗೋರಿಯನ್ನು ಹುಡುಕುವ ದಾರಿ ನನಗೆ ಗೊತ್ತಿಲ್ಲ. ಕಡಲ ಕಡೆ ಶಾಲೆಯ ವ್ಯಾನುಗಳು ಎಷ್ಟಿವೆಯೋ. ಭಾನುವಾರ ನಾಲ್ಕು ಗಂಟೆಗೆ ಸುಮ್ಮನೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ, ಏನೂ ಕೇಳಿಸಲಿಲ್ಲ. ಕಲ್ಲವ್ವ ದಿನಾ ಸಂಜೆ ಬರುತ್ತಾಳೆ. ಹೊರೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಅವರಿವರ ಸುದ್ದಿ ಹೇಳಿ, ಹೊರೆಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಾಳೆ. ನಿನ್ನೆ ತಿರಕಪ್ಪನೂ ಒಂದು ಗಳಿಗೆ ಅದರ ಮೇಲೆ ಕೂತಿದ್ದ. ಅದೇನು ದೊಡ್ಡ ಹೊರೆಯಲ್ಲ, ಮುದುಕಿಯ ತಲೆಗೆ ತಕ್ಕಷ್ಟು. ಬೆಳಗಿನಿಂದ ಮೋಡ ಕಟ್ಟಿದೆ, ಕಟ್ಟಿಗೆ ನೆನೆದರೆ ಉರಿಯುವುದಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಬಂದಿದ್ದೇನೆ. ಈಗ ಹೊರೆಯ ಮುಂದೆ ನಿಂತಿದ್ದೇನೆ.